ಯಾರನ್ನೂ ಮುಟ್ಟದ ಬ್ರೆಡಾ
ದ್ರಾವಾ ನದಿಯ ದಂಡೆಯ ಊರಿನ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷಗಳಿಂದ ಕೊಲೆಯಾದವರ ಬಟ್ಟೆಗಳ ಮೇಲೆ ಅನ್ಯರ ಚರ್ಮದ ಕಣ ಹುಡುಕುತ್ತ ಬಂದಿರುವ ಬ್ರೆಡಾಳಿಗೆ ಮನುಷ್ಯರ ಸ್ಪರ್ಶವೆಂದರೆ ಹಾವು ತುಳಿದಷ್ಟು ಭಯ. ಬಸ್ಸು ಎಷ್ಟೇ ಓಲಾಡಿದರೂ ಕಂಬಿ ಹಿಡಿಯಳು. ಸಂತೆಯಲ್ಲಿ ಕುಂಬಳಬೀಜದ ಎಣ್ಣೆಯ ಸೀಸೆಯನ್ನು ಕರವಸ್ತ್ರದಲ್ಲಿ ಸುತ್ತಿಯೇ ಎತ್ತುವಳು. ಮದುವೆಮನೆಯಲ್ಲಿ ಯಾರಾದರೂ ಅಪ್ಪಿಕೊಳ್ಳಲು ಬಂದರೆ ಎರಡೂ ಕೈಯಲ್ಲಿ ತಟ್ಟೆ ಹಿಡಿದು ನಿಂತುಬಿಡುವಳು. "ತಬ್ಕೊಂಡ್ರೆ ಸವೆದು ಹೋಗ್ತೀಯೇನೆ, ಮಹಾರಾಯ್ತಿ?" ಎಂದು ಅಕ್ಕ ಮಿಲೆನಾ ಛೇಡಿಸಿದರೆ, "ಹೂಂ ಕಣಕ್ಕಾ, ಸವೀತೀನಿ. ಸವೆದಿದ್ದು ನಿನ್ನ ಅಂಗಿಗೆ ಅಂಟ್ಕೊಂಡು, ನಾನು ಕಾಲಿಡದ ಮನೆಗೂ ಹೋಗುತ್ತೆ" ಎನ್ನುವಳು. ನಗುವ ಮಿಲೆನಾಳಿಗೆ ಲೊವ್ರೊನ ವಿಷಯ ಗೊತ್ತಿಲ್ಲ. ಕೊಲೆಯಾದ ಹೆಂಗಸೊಬ್ಬಳ ಕೋಟಿನ ಕಾಲರಿನಲ್ಲಿ ಹೋಟೆಲ್ ಮಾಣಿ ಲೊವ್ರೊನ ಕಣಗಳಿವೆ ಎಂದು ವರದಿ ಬರೆದವಳು ಬ್ರೆಡಾಳೇ. ಅದು ನಿಜವೂ ಆಗಿತ್ತು. "ಊಟ ಮುಗಿಸಿ ಹೊರಡೋ ನೂರು ಜನಕ್ಕೆ ದಿನಾ ಕೋಟು ತೊಡಿಸ್ತೀನಿ ಸ್ವಾಮಿ, ಯಾರನ್ನ ಅಂತ ನೆನಪಿಟ್ಕೊಳ್ಳಲಿ?" ಎಂದು ಅವನು ಗೋಗರೆದರೂ ಯಾರೂ ಕಿವಿಗೊಡಲಿಲ್ಲ. ನಿಜವಾದ ಕೊಲೆಗಾರ ಸಿಕ್ಕುವ ಹೊತ್ತಿಗೆ ಅವನು ಒಂಬತ್ತು ತಿಂಗಳು ಸೆರೆಯಲ್ಲಿ ಕಳೆದಿದ್ದ. ಹೊರಬಂದಾಗ ತಾಯಿ ಮಣ್ಣಾಗಿದ್ದಳು. ಅಂದಿನಿಂದ ಬ್ರೆಡಾ ಪ್ರತಿ ವರದಿಯ ಕೊನೆಗೆ 'ಈ ಕಣ ಇಲ್ಲಿಗೆ ಹೇಗೆ ಬಂತೆಂದು ನಾನು ಹೇಳಲಾರೆ' ಎಂದು ಬರೆಯುತ್ತಾಳೆ. "ಕೇಸೇ ಬಿದ್ದೋಗುತ್ತೆ ಮೇಡಂ, ತೆಗೀರಿ ಅದನ್ನ" ಎಂದು ಮೇಲಧಿಕಾರಿ ಆ ಸಾಲನ್ನು ಹೊಡೆದುಹಾಕುತ್ತಾನೆ. ಕಳೆದ ವಾರ ಇನ್ನೊಬ್ಬ ಯುವಕನ ವಿಚಾರಣೆಯಲ್ಲಿ, ಹಾಗೆ ಹೊಡೆದುಹಾಕಿದ್ದ ಸಾಲನ್ನು ಅವಳು ನ್ಯಾಯಾಧೀಶರೆದುರು ನಿಂತು ಬಾಯಿಬಿಟ್ಟು ಹೇಳಿದಳು.