ಕುರ್ಚಿಯಕ್ಕನ ಕೈ

ಕುರ್ಚಿಯಕ್ಕನನ್ನು ಸಭಾಂಗಣದ ಕಾವಲುಗಾರ ಮೊದಲು ಕಂಡದ್ದು ಒಂದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ. ತಲೆಯ ಮೇಲೆ ಮರದ ಕುರ್ಚಿ, ಕೈಯಲ್ಲಿ ಬಕೆಟ್ಟು, ಕಂಕುಳಲ್ಲಿ ಪೊರಕೆ. "ಗುಡಿಸೋರು ಹಿಂದಿನ ಬಾಗಿಲಿಂದ ಬರ್ಬೇಕಮ್ಮ" ಎಂದ. "ನಾನು ಕುಣಿಯೋಕೆ ಬಂದಿರೋದು ಕಣಪ್ಪಾ" ಎಂದು ಅವರು ನಕ್ಕರು. ಅಂದಿನಿಂದ ಅವನ ಬಾಯಲ್ಲಿ ಅವರು ಕುರ್ಚಿಯಕ್ಕ. ಅವರ ಕುಣಿತಕ್ಕೆ ತಾಳವಿಲ್ಲ, ಮೇಳವಿಲ್ಲ; ಕುರ್ಚಿಯಿಂದ ಏಳುವುದಕ್ಕೇ ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದರು, ಗೋಡೆಗೂ ಬಕೆಟ್ಟಿಗೂ ನಡುವಿನ ಮೂರು ಗೇಣು ಜಾಗದಲ್ಲಿ ಇಡೀ ಸಂಜೆ ಕಳೆಯುತ್ತಿದ್ದರು. ಒರಗಿಸಿದ ಪೊರಕೆ ಬೆರಳಷ್ಟು ಜಾರಿದರೂ ಎಲ್ಲ ಮೊದಲಿಂದ ಶುರು. "ಇದನ್ನೇ ನಮ್ಮನೆಯವಳು ದಿನಾ ಮಾಡ್ತಾಳಲ್ಲಕ್ಕಾ, ಯಾರೂ ನೋಡಲ್ಲ" ಎಂದರೆ, "ಅದಕ್ಕೇ ನಾನು ಮಾಡೋದು" ಎನ್ನುತ್ತಿದ್ದರು. ನೋಡಲು ಬರುವವರು ಹದಿನೈದು ದಾಟಿದ್ದಿಲ್ಲ. ಅದರಲ್ಲೂ ಇಬ್ಬರು ಫ್ಯಾನಿನ ಕೆಳಗೆ ನಿದ್ದೆ ಮಾಡಲು ಬಂದವರು. ಹನ್ನೊಂದು ವರ್ಷ ಹೀಗೇ ನಡೆದ ಮೇಲೆ ಅವರ ಬಲಗೈ ನಡುಗತೊಡಗಿತು; ಲೋಟ ತುಟಿ ಮುಟ್ಟುವಷ್ಟರಲ್ಲಿ ಅರ್ಧ ಚಹಾ ಮೈಮೇಲೆ. "ಡಾಕ್ಟ್ರು ಇದು ನಿಲ್ಲಲ್ಲ ಅಂದ್ರು ಕಣೋ. ಯಾರಿಗೂ ಹೇಳ್ಬೇಡ, ಇನ್ನೊಂದು ಪ್ರದರ್ಶನ ಆಗ್ಲಿ" ಎಂದು ಅವನೊಬ್ಬನಿಗೇ ಹೇಳಿದರು. ಆ ಪ್ರದರ್ಶನದಲ್ಲಿ ಅವರ ಕೈ ಬಕೆಟ್ಟಿನ ಹಿಡಿಯನ್ನು ಹಿಡಿಯಲಾರದೆ ಪಟಪಟ ಬಡಿಯಿತು, ಮತ್ತೆ ಮತ್ತೆ ಜಾರಿತು. ಬಂದಿದ್ದವರೆಲ್ಲ ಮೊಟ್ಟಮೊದಲ ಬಾರಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಆ ನಡುಕ ಇದೆಯಲ್ಲ ಮೇಡಂ, ಅದು ಎಷ್ಟು ವರ್ಷದ ಸಾಧನೆ?" ಎಂದು ಒಬ್ಬರು ಕೇಳಿದರು. ಕುರ್ಚಿಯಕ್ಕ ಕೈಯನ್ನು ಬೆನ್ನ ಹಿಂದೆ ಅಡಗಿಸಿ, "ಅದು ನಾನು ಮಾಡಿದ್ದಲ್ಲ" ಎಂದರು. ಎಂಥ ವಿನಯ ಎಂದು ಇನ್ನಷ್ಟು ಚಪ್ಪಾಳೆ ಬಿತ್ತು. ಕಾವಲುಗಾರ ಮಾತ್ರ ತಟ್ಟಲಾರದೆ ಕಿಟಕಿ ಮುಚ್ಚುವ ನೆಪದಲ್ಲಿ ಮುಖ ತಿರುಗಿಸಿದ. ಕುರ್ಚಿಯಕ್ಕ ಈಗ ಕುಣಿಯುವುದಿಲ್ಲ. ತಮ್ಮನ ಮನೆಯಲ್ಲಿದ್ದಾರೆ, ಬೆಲ್ ಆದಾಗ ಬಾಗಿಲು ತೆಗೆಯುತ್ತಾರೆ. ಚಿಲಕದ ಮೇಲೆ ಕೈ ಮತ್ತೆ ಮತ್ತೆ ಜಾರುವುದನ್ನು ಯಾರೂ ನೋಡುವುದಿಲ್ಲ.