ಎಡಪ್ಪಳ್ಳಿ ಮಾಲ್‌ನ ಮೇಲೆ ನಲವತ್ತೊಂದು ಮರಗಳು

ಎರಡು ವರ್ಷದ ಹಿಂದಿನ ಜನವರಿ. ತಿರುವನಂತಪುರದ ನಮ್ಮ ಕಚೇರಿಯಲ್ಲಿ ಗುರುವಾರದ ಸಭೆ ನಡೆಯುತ್ತಿತ್ತು. ಗೋಡೆಯ ಪರದೆಯ ಮೇಲೆ ಎರ್ನಾಕುಳಂ ಜಿಲ್ಲೆಯ ಉಪಗ್ರಹ ಚಿತ್ರ, ಅದರ ಮೇಲೆ ನಾವು ಮರ ಅಳೆದ ಜಾಗಗಳೆಲ್ಲ ಹಳದಿ ಚುಕ್ಕೆಗಳಾಗಿ ಬಿದ್ದಿದ್ದವು.

ನನ್ನ ಕೆಲಸವೇ ಮರ ಅಳೆಯುವುದು. ಮೈಸೂರಿನಲ್ಲಿ ಓದು ಮುಗಿಸಿ ಎರಡು ಮೂರು ಕಡೆ ನಿಲ್ಲಲಾರದೆ ಕಡೆಗೆ ಈ ಯೋಜನೆಗೆ ಸೇರಿದ್ದೆ. ಹಳೆಯ ಮರಗಳನ್ನು ಕಡಿದು, ಕಾರ್ಖಾನೆಯ ಬಾಯ್ಲರಿಗೆ ಉರುವಲಾಗಲೆಂದು ಬೇಗ ಬೆಳೆಯುವ ಗಿಡ ನೆಟ್ಟರೆ, ಆ ನೆಲದಿಂದ ಗಾಳಿಗೆ ಸೇರುವ ಇಂಗಾಲ ಹೆಚ್ಚುತ್ತದೋ ಕಡಿಮೆಯಾಗುತ್ತದೋ ಎನ್ನುವುದು ನಮ್ಮ ಪ್ರಶ್ನೆ. ಅದನ್ನು ಹೇಳಬೇಕಾದರೆ ಕಡಿಯುವ ಮೊದಲು ಅಲ್ಲಿ ಎಷ್ಟು ಮರ ಇತ್ತು, ಎಷ್ಟು ದಪ್ಪ ಇತ್ತು ಎಂದು ಯಾರಾದರೂ ಅಳೆದಿಟ್ಟಿರಬೇಕು. ಅಂಥ ಜಾಗಗಳು ನಮ್ಮಲ್ಲಿ ಬಹಳ ಕಡಿಮೆ. ಮುಂದೆಂದಾದರೂ ಕಡಿಯುತ್ತಾರೆಂದು ನಾನು ಹದಿನಾಲ್ಕು ತಿಂಗಳ ಹಿಂದೆ ಅಳೆದಿದ್ದ ಒಂದು ತೋಟ ಅವುಗಳಲ್ಲಿ ಮುಖ್ಯವಾದದ್ದು.

ಆ ತೋಟದ ಚುಕ್ಕೆ ಕೊಚ್ಚಿ ನಗರದೊಳಗಿನ ಎಡಪ್ಪಳ್ಳಿಯ ದೊಡ್ಡ ಮಾಲ್‌ನ ಚಾವಣಿಯ ಮೇಲೆ ಕೂತಿತ್ತು.

ನಮ್ಮ ಮುಖ್ಯಸ್ಥರು ಧಾರವಾಡದ ಕಡೆಯ ಪಾಟೀಲರು. ಎಲ್ಲರೆದುರು ಇಂಗ್ಲಿಷ್ ಮಾತಾಡುವವರು, ನನ್ನನ್ನು ಬೈಯುವಾಗ ಮಾತ್ರ ಕನ್ನಡಕ್ಕೆ ಬರುತ್ತಾರೆ.

“ತಮ್ಮಾ, ನಿನ್ನ ನಲವತ್ತೊಂದು ಗಿಡ ಎಲ್ಲಿ ನಿಂತಾವ ನೋಡಿಲ್ಲಿ. ಎಸ್ಕಲೇಟರ್ ಹತ್ತಿ ಹೋಗಿ ಅಳದ್ಯೇನು?”

“ಸರ್, ನಾನು ಹೋಗಿದ್ದೆ.”

“ಎಲ್ಲಿಗೆ, ಮಾಲ್‌ಗ?”

ಕನ್ನಡ ಬಾರದವರಿಗೂ ಮಾಲ್ ಎನ್ನುವುದು ಅರ್ಥವಾಗಿ ಎಲ್ಲರೂ ನಕ್ಕರು. ಆಮೇಲೆ ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡಾಗ ಅವರ ಮುಖದಲ್ಲಿ ನಗು ಇರಲಿಲ್ಲ.

“ಟೇಬಲ್ ಮ್ಯಾಲೆ ಕುಂತು ಹಾಳಿ ತುಂಬಿದವರನ್ನ ನಾ ಭಾಳ ಮಂದಿ ನೋಡೇನಿ. ನೀ ಹಂಗಲ್ಲ ಅಂತ ತಿಳಕೊಂಡಿದ್ದೆ. ಸೋಮವಾರ ವರದಿ ಹೋಗಬೇಕು. ಅಷ್ಟರಾಗ ಆ ಗಿಡ ತೋರಿಸು. ಇಲ್ಲಾಂದ್ರ ಹಾಳಿ ತೆಗೀತೀನಿ. ನಿನ್ನನ್ನೂ ತೆಗೀಬೇಕಾಗತದ.”

ನನಗೆ ಕೋಪ ಬರಬೇಕಿತ್ತು. ಬರಲಿಲ್ಲ, ಬದಲಿಗೆ ಒಂದು ಅನುಮಾನ ಹುಟ್ಟಿಕೊಂಡಿತು. ಯಾರೇ ಏನೇ ಹೇಳಲಿ, ‘ಆಧಾರ ಏನು?’ ಎಂದು ಕೇಳುವುದನ್ನು ವಿಶ್ವವಿದ್ಯಾಲಯ ನನಗೆ ಚೆನ್ನಾಗಿಯೇ ಕಲಿಸಿತ್ತು. ಈಗ ಅದೇ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡೆ. ಅಳತೆಯ ಹಾಳೆಯಲ್ಲಿ ಊರಿನ ಹೆಸರಿದ್ದ ಜಾಗಕ್ಕೆ ನೀರು ಬಿದ್ದು ಶಾಯಿ ಹರಡಿತ್ತು. ಫೋಟೊ ತೆಗೆದ ಫೋನು ಆ ವಾರವೇ ಮಳೆಯಲ್ಲಿ ನೆನೆದು ಸತ್ತಿತ್ತು. ನನ್ನ ಜೊತೆ ಬರಬೇಕಿದ್ದ ಸಹಾಯಕ ತಂಗಿಯ ಮದುವೆಯೆಂದು ರಜೆ ಹಾಕಿದ್ದ. ಆ ವಾರವೆಲ್ಲ ನಾನು ಉಳಿದುಕೊಂಡಿದ್ದದ್ದು ಎಡಪ್ಪಳ್ಳಿಯ ಒಂದು ಲಾಡ್ಜಿನಲ್ಲಿ. ಮೈ ಸುಡುವ ಜ್ವರ. ಊಟಕ್ಕೆ ಹೋಗುತ್ತಿದ್ದದ್ದು ಅದೇ ಮಾಲ್‌ಗೆ.

ನೆನಪಿದ್ದದ್ದು ಇಷ್ಟು. ಮಂಜು, ಮಂಜಿನೊಳಗೆ ಕಪ್ಪು ಕಾಂಡಗಳು. ನಾನು ಒಂದೊಂದು ಮರದ ಹತ್ತಿರ ಹೋಗಿ ತಬ್ಬಿಕೊಂಡು, ಟೇಪನ್ನು ಹಿಂದಿನಿಂದ ಸುತ್ತಿ ಮುಂದಕ್ಕೆ ತರುತ್ತೇನೆ. ಆಗ ಕೆನ್ನೆ ತೊಗಟೆಗೆ ತಾಗುತ್ತದೆ. ತೊಗಟೆ ತಣ್ಣಗಿದೆ. ಎಲ್ಲಿಂದಲೋ ಸಂಖ್ಯೆಗಳು ಕೇಳಿಸುತ್ತವೆ, ನೀರಿನಡಿಯಿಂದ ಯಾರೋ ಕೂಗಿದ ಹಾಗೆ. ಅಷ್ಟೇ. ಆ ತಂಪು ತೊಗಟೆಯದೋ, ಮಾಲ್‌ನ ಏಸಿಯದೋ? ಜ್ವರದಲ್ಲಿ ಊಟದ ಮೇಜಿಗೆ ಕೆನ್ನೆ ಒರಗಿಸಿ ಕನಸು ಕಂಡು, ಆ ಕನಸನ್ನೇ ಹಾಳೆಯಲ್ಲಿ ಬರೆದುಬಿಟ್ಟಿದ್ದೆನೇ?

ಶನಿವಾರ ಬೆಳಗಿನ ರೈಲು ಹಿಡಿದು ಆಲುವಕ್ಕೆ ಹೊರಟೆ. ಎಲ್ಲಿಗೆ ಹೋಗಬೇಕೆಂದು ಗೊತ್ತಿರಲಿಲ್ಲ, ಸುಮ್ಮನೆ ಕೂರಲಾಗದೆ ಹೊರಟದ್ದು. ಕಿಟಕಿಯಾಚೆ ಹಿನ್ನೀರು, ತೆಂಗು, ಮತ್ತೆ ಹಿನ್ನೀರು. ರೈಲು ನಿಂತಿದೆಯೋ ಓಡುತ್ತಿದೆಯೋ ತಿಳಿಯದಂಥ ಬೆಳಕು. ತೊಡೆಯ ಮೇಲೆ ಆ ಹಾಳೆಯ ಪ್ರತಿ. ಅಕ್ಷಾಂಶ ರೇಖಾಂಶದ ಅಂಕಿಗಳನ್ನೇ ನೋಡುತ್ತಾ ಕೂತವನಿಗೆ ಕಾಯಂಕುಳಂ ದಾಟಿದ ಮೇಲೆ ಹೊಳೆಯಿತು. ನಮ್ಮ ಕೈಯಲ್ಲಿರುವ ಜಿಪಿಎಸ್ ಯಂತ್ರ ಡಿಗ್ರಿಯ ನಂತರ ಮಿನಿಟುಗಳನ್ನು, ಅಂದರೆ ಡಿಗ್ರಿಯ ಅರವತ್ತನೇ ಪಾಲುಗಳನ್ನು, ತೋರಿಸುತ್ತದೆ. ಹಾಳೆಯಲ್ಲಿ ಬರೆಯಬೇಕಾದದ್ದು ದಶಮಾಂಶದಲ್ಲಿ. ಅರವತ್ತರಿಂದ ಭಾಗಿಸಬೇಕು. ಜ್ವರದಲ್ಲಿ ನಾನು ಭಾಗಿಸದೆ, ಕಂಡ ಅಂಕಿಗಳನ್ನೇ ಇಳಿಸಿದ್ದೆ. ಈಗ ಭಾಗಿಸಿ ನೋಡಿದರೆ ಚುಕ್ಕೆ ಮಾಲ್ ಬಿಟ್ಟು ಇಪ್ಪತ್ತು ಕಿಲೋಮೀಟರಿಗೂ ಆಚೆ, ಪೂರ್ವಕ್ಕೆ ಹಾರಿತು.

ಮರಗಳು ಇರಬೇಕಾದ ಕಡೆಯೇ ಇವೆ ಎಂದು ಎಷ್ಟು ಹಗುರಾದೆನೆಂದರೆ, ಆಲುವದಲ್ಲಿ ಇಳಿದವನು ತಿಂಡಿಯನ್ನೂ ತಿನ್ನದೆ ಪೆರುಂಬಾವೂರಿನ ಬಸ್ಸು ಹತ್ತಿದೆ. ಅಲ್ಲಿಂದ ಆಟೋ. ಮರದ ಮಿಲ್ಲುಗಳ ಹಸಿ ವಾಸನೆ ದಾಟಿ, ಒಂದು ಏರು ಹತ್ತಿ, ಆಟೋದವನು ನಿಲ್ಲಿಸಿದ.

ಅಲ್ಲಿ ಮರಗಳಿರಲಿಲ್ಲ.

ಕೆಂಪು ಮಣ್ಣಿನ ಇಳಿಜಾರು. ಅದರಲ್ಲಿ ಗೆರೆ ಎಳೆದ ಹಾಗೆ ಸಾಲು ಸಾಲಾಗಿ ಮೊಣಕಾಲೆತ್ತರದ ಸಸಿಗಳು, ನಾವೇ ವರದಿಗಳಲ್ಲಿ ಬರೆಯುವ ಆ ಬೇಗ ಬೆಳೆಯುವ ಜಾತಿ. ಇಲ್ಲೇನಾದರೂ ನಾನು ಬಂದಿದ್ದೆನೇ? ಇಳಿಜಾರು ನನ್ನನ್ನು ಗುರುತಿಸಲಿಲ್ಲ, ನಾನೂ ಅದನ್ನು ಗುರುತಿಸಲಿಲ್ಲ.

ಕೆಳಗೆ ಒಂದು ಹೆಂಚಿನ ಮನೆ. ಐವತ್ತು ದಾಟಿದ, ಗಿಡ್ಡನೆಯ ಹೆಂಗಸೊಬ್ಬರು ನೈಟಿಯ ಮೇಲೆ ಹೆಗಲಿಗೆ ತೋರ್ತು ಟವೆಲು ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದರು. ನನ್ನನ್ನು ಒಂದು ಕ್ಷಣ ನೋಡಿ ಕೇಳಿದರು:

“ಪನಿ ಮಾರಿಯೋ ಮೋನೇ?”

ಜ್ವರ ಬಿಟ್ಟಿತೇ ಮಗನೇ, ಎಂದು. ಹದಿನಾಲ್ಕು ತಿಂಗಳ ಮೇಲೆ.

ಅವರ ಹೆಸರು ಲೀಲ. ಎಲ್ಲರಿಗೂ ಲೀಲಚೇಚ್ಚಿ, ಅಂದರೆ ಲೀಲಕ್ಕ. ತೋಟದ ಧಣಿಗಳು ಕೊಚ್ಚಿಯಲ್ಲಿರುತ್ತಾರೆ, ನೋಡಿಕೊಳ್ಳುವವರು ಇವರು. ಅವರು ಮಲಯಾಳದಲ್ಲಿ, ನಾನು ನನ್ನ ಹರಕು ಮಲಯಾಳದಲ್ಲಿ ಮಾತಾಡಿದೆವು.

“ಮರ ಎಲ್ಲ ಹೋಯ್ತು ಮೋನೇ. ಓಣಂ ಕಳೆದ ಮೇಲೆ ಕಡಿದರು. ದಿಮ್ಮಿ ಮಿಲ್ಲಿಗೆ, ರೆಂಬೆ ಬಾಯ್ಲರಿಗೆ. ಕೂತ್ಕೋ, ಮುಖ ಬಾಡಿದೆ.”

“ಚೇಚ್ಚಿ, ನಾನು ಇಲ್ಲಿ ಬಂದು ಮರ ಅಳೆದದ್ದು ನಿಜ ತಾನೇ?”

ಅವರು ನನ್ನನ್ನು ವಿಚಿತ್ರವಾಗಿ ನೋಡಿ ಒಳಗೆ ಹೋದರು. ಹೊರಗೆ ಬರುವಾಗ ಕೈಯಲ್ಲಿ ಒಂದು ತಂತಿ, ತಂತಿಗೆ ಪೋಣಿಸಿದ ಅಲ್ಯೂಮಿನಿಯಂ ಬಿಲ್ಲೆಗಳು. ಅಳೆದ ಮರಕ್ಕೆ ನಾವು ಮೊಳೆಯಿಂದ ಹೊಡೆಯುವ ನಂಬರಿನ ಬಿಲ್ಲೆಗಳು. ನಮ್ಮ ಯೋಜನೆಯ ಗುರುತು, ಒಂದರಿಂದ ನಲವತ್ತೊಂದು. ಇಪ್ಪತ್ತಾರನೆಯದು ಲಾರಿಯ ಚಕ್ರಕ್ಕೆ ಸಿಕ್ಕಿ ಚಪ್ಪಟೆಯಾಗಿತ್ತು, ಆದರೂ ಓದಬಹುದಿತ್ತು.

“ಮೊಳೆ ಇದ್ದರೆ ಗರಗಸದ ಹಲ್ಲು ಹೋಗುತ್ತೆ ಅಂತ ಲಾರಿಗೆ ಹಾಕೋ ಮೊದಲು ಎಲ್ಲ ಕೀಳ್ತಾರೆ. ಕಿತ್ತು ಬಿಸಾಕ್ತಿದ್ದರು. ನಾನು ಹಿಂದೆ ಹಿಂದೆ ಹೋಗಿ ಆರಿಸಿದೆ. ಇನ್ನೊಂದ್ಸಲ ಬಂದು ಅಳೀತೀನಿ ಅಂದಿದ್ದೆಯಲ್ಲ ನೀನು. ಬಂದು ಕೇಳಿದರೆ ಏನು ಹೇಳಲಿ?”

ನಾನು ಬಿಲ್ಲೆಗಳನ್ನು ಒಂದೊಂದಾಗಿ ಸರಿಸುತ್ತಾ ಹೋದೆ, ಅವರು ಯಾವುದು ಯಾವ ಮರದ್ದೆಂದು ಹೇಳುತ್ತಾ ಹೋದರು. ಏಳನೆಯದು ಹೆಬ್ಬಲಸು, ಎಂಟನೆಯದು ಹೆಬ್ಬಲಸು, ಒಂಬತ್ತನೆಯದು ಮಾವು. ಹಾಳೆಯಲ್ಲಿದ್ದದ್ದು ಅವರ ಬಾಯಲ್ಲಿಯೂ ಇತ್ತು. ಬಚಾವಾದೆ. ಇಷ್ಟು ಸಾಕಿತ್ತು. ಎದ್ದು ಹೊರಟಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ಆದರೆ ಖುಷಿಯಲ್ಲಿ ಬಾಯಿಬಿಟ್ಟೆ. “ಅಷ್ಟು ಜ್ವರದಲ್ಲೂ ಹೇಗೆ ಅಳೆದೆನೋ ಚೇಚ್ಚಿ. ಒಂದೊಂದನ್ನೂ ತಬ್ಬಿಕೊಂಡದ್ದು ಈಗಲೂ ನೆನಪಿದೆ.”

“ಯಾರು ತಬ್ಬಿಕೊಂಡದ್ದು?” ಅವರು ನಕ್ಕರು. “ನೀನು ಅಳೆದದ್ದು ಒಂದನ್ನೂ ಇಲ್ಲ. ಮೊದಲನೇ ಮರದ ಹತ್ತಿರ ಹೋಗಿ ಅದಕ್ಕೇ ಒರಗಿ ನಿಂತುಬಿಟ್ಟೆ. ಬಿದ್ದೇ ಹೋಗ್ತೀಯ ಅಂತ ಕೈ ಹಿಡಿದು ತಂದು ಈ ಮೆಟ್ಟಿಲ ಮೇಲೆ ಕೂರಿಸಿದೆ. ಕಂಬಳಿ ಹೊದಿಸಿದೆ. ಒಣಶುಂಠಿ ಹಾಕಿ ಚುಕ್ಕುಕಾಪ್ಪಿ ಕೊಟ್ಟೆ. ಇವತ್ತೇ ಮುಗಿಸಬೇಕು ಅಂತ ಅಳೋ ಹಾಗೆ ಮಾಡಿದೆ. ಸರಿ, ಟೇಪ್ ಕೊಡು ಇಲ್ಲಿ ಅಂದೆ. ನಾನು ಅಳೆದು ಕೂಗಿದೆ, ನೀನು ಇಲ್ಲಿ ಕೂತು ಬರ್ಕೊಂಡೆ. ಬಿಲ್ಲೆ ಹೊಡೆದದ್ದೂ ನಾನೇ, ಕೊಡಲಿಯ ಹಿಂಬದಿಯಿಂದ.”

ಆ ಮೆಟ್ಟಿಲನ್ನು ನೋಡಿದೆ. ಏನೂ ನೆನಪಾಗಲಿಲ್ಲ. ನೀರಿನಡಿಯಿಂದ ಬರುತ್ತಿದ್ದ ಆ ದನಿ ಮಾತ್ರ ಈಗ ಎದುರಿಗೇ ನಿಂತು ಮಾತಾಡುತ್ತಿತ್ತು. ಯಾವುದು ಕನಸಿರಬಹುದೆಂದು ಹೆದರಿದ್ದೆನೋ ಆ ಮರಗಳು ನಿಜ. ಯಾವುದು ಅಳಿಸಲಾಗದಷ್ಟು ನಿಚ್ಚಳವಾಗಿತ್ತೋ ಆ ನಾನು, ಮರದಿಂದ ಮರಕ್ಕೆ ಹೋಗುತ್ತಿದ್ದ ನಾನು, ಇರಲೇ ಇಲ್ಲ.

ಆಮೇಲೆ ಇನ್ನೊಂದು ಹೊಳೆಯಿತು.

“ಚೇಚ್ಚಿ, ಎಷ್ಟು ಎತ್ತರದಲ್ಲಿ ಅಳೆದಿರಿ?”

“ಎದೆಮಟ್ಟ ಅಂದೆಯಲ್ಲ.”

ಎದೆಮಟ್ಟವೆಂದರೆ ನಮ್ಮ ಕಸುಬಿನಲ್ಲಿ ನೆಲದಿಂದ ನೂರ ಮೂವತ್ತೇಳು ಸೆಂಟಿಮೀಟರ್. ನನಗೆ ಅದು ಅಂಗಿಯ ಎರಡನೇ ಗುಂಡಿಯ ಹತ್ತಿರ ಬರುತ್ತದೆ, ಹಾಗಾಗಿ ಮೈಯಿಂದಲೇ ಅಳತೆ ಹಿಡಿದು ರೂಢಿ. ಜ್ವರದಲ್ಲಿ ಅವರಿಗೂ ‘ಎದೆಮಟ್ಟ’ ಎಂದಷ್ಟೇ ಹೇಳಿ ಕೂತಿದ್ದೆ.

“ಯಾರ ಎದೆಮಟ್ಟ?”

“ನನ್ನದೇ. ನಿನ್ನ ಎದೆಮಟ್ಟಕ್ಕೆ ಅಳೆಯೋಕೆ ನಲವತ್ತೊಂದು ಮರಕ್ಕೂ ಸ್ಟೂಲ್ ಹೊತ್ಕೊಂಡು ಹೋಗಬೇಕಿತ್ತಾ?”

ಮರ ಕೆಳಗೆ ಹೋದಷ್ಟೂ ದಪ್ಪ. ಅಂದರೆ ಪ್ರತಿಯೊಂದು ಸುತ್ತಳತೆಯೂ ಇರಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು. ಮರಗಳು ಮಿಲ್ಲಿನಲ್ಲಿ ಹಲಗೆಯಾಗಿ ಹೋಗಿವೆ, ಮತ್ತೆ ಅಳೆಯುವ ಹಾಗಿಲ್ಲ. ಆ ಎತ್ತರ ತಿಳಿಯಲು ಉಳಿದಿದ್ದ ಅಳತೆಯೆಂದರೆ ಎದುರಿಗೆ ನಿಂತಿದ್ದ ಚೇಚ್ಚಿ ಒಬ್ಬರೇ.

“ಚೇಚ್ಚಿ, ಸ್ವಲ್ಪ ಈ ಕಂಬ ತಬ್ಬಿ ನಿಲ್ತೀರಾ? ಮರ ಅಳೆದಾಗ ಕೈ ಹೇಗೆ ಹಿಡಿದಿದ್ದಿರೋ ಹಾಗೇ.”

“ಈಗ ನನ್ನನ್ನೂ ಕಡಿಯೋಕೆ ಕಳಿಸ್ತೀಯಾ?” ಎಂದರು. ಆದರೂ ಚಪ್ಪಲಿ ಬಿಟ್ಟು, ಅವತ್ತೂ ಬರಿಗಾಲು ಎಂದು ನೆನಪಿಸಿ, ಜಗಲಿಯ ಕಂಬವನ್ನು ತಬ್ಬಿ ನಿಂತರು. ಮೂರು ಸಲ ತಬ್ಬಿಸಿ, ಅವರ ಬೆರಳು ಕೂಡಿದ ಕಡೆ ಕಂಬದ ಮೇಲೆ ಗುರುತು ಹಾಕಿ, ನೆಲದಿಂದ ಟೇಪ್ ಹಿಡಿದೆ. ಮೂರು ಸಲವೂ ನೂರ ಹದಿನಾರರ ಆಚೀಚೆ. ಎತ್ತರ ಗೊತ್ತಾದರೆ ಮಿಕ್ಕದ್ದನ್ನು ಗಣಿತದಿಂದ ಸರಿಮಾಡಬಹುದು.

ಸೋಮವಾರ ಪಾಟೀಲರ ಮೇಜಿನ ಮೇಲೆ ತಂತಿ ಇಟ್ಟೆ. ಅವರು ನಲವತ್ತೊಂದನ್ನೂ ಎಣಿಸಿದರು. ಮಿನಿಟುಗಳ ತಪ್ಪು ಹೇಳಿದಾಗ, “ಅದು ನನಗೂ ಹೊಳೀಲಿಲ್ಲ ನೋಡು, ನಗೋದರಾಗ ಮೈಮರತೆ,” ಎಂದು ಹಾಳೆಯನ್ನು ವರದಿಗೆ ಸೇರಿಸಲು ಎತ್ತಿಕೊಂಡರು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

“ಸರ್, ಅದು ಒಂದು ನಿಮಿಷ ಕೊಡಿ.”

ಹಾಳೆಯ ಕೆಳಗೆ ‘ಅಳೆದವರು’ ಎಂಬ ಕಡೆ ನನ್ನ ಸಹಿ ಇತ್ತು. ಅದನ್ನು ಹೊಡೆದುಹಾಕಿ ‘ಲೀಲ, ನೂರ ಹದಿನಾರು ಸೆಂಟಿಮೀಟರ್ ಎತ್ತರದಲ್ಲಿ’ ಎಂದು ಬರೆದೆ. ನಡೆದದ್ದನ್ನು ಹೇಳಿದೆ.

ಪಾಟೀಲರು ಆ ಸಾಲನ್ನು ಓದಿದರು. “ಹಂಗಾದ್ರ ನೀ ಏನ್ ಮಾಡಿದಿ?”

“ಕೂತು ಬರ್ಕೊಂಡೆ ಸರ್.”

“ಅದನ್ನೂ ಬರಿ,” ಎಂದರು. ಅದಕ್ಕೆ ಹಾಳೆಯಲ್ಲಿ ಜಾಗವಿರಲಿಲ್ಲ. ಅಂಚಿನಲ್ಲಿ ಸಣ್ಣದಾಗಿ ಬರೆದೆ. ನನ್ನ ಕೆಲಸ ಉಳಿಯಿತು. ಸರಿಪಡಿಸಿದ ಅಂಕಿಗಳು ವರದಿಯಲ್ಲಿ ಹೋದವು. ಅಳೆದವರ ಪಟ್ಟಿಯಲ್ಲಿ ಚೇಚ್ಚಿಯ ಹೆಸರೂ ಹೋಯಿತು.

ಸುಳ್ಳೆಂದು ಅನುಮಾನಕ್ಕೆ ಸಿಕ್ಕಿದ್ದ ಆ ಹಾಳೆಯಲ್ಲಿ ಮರಗಳೆಲ್ಲ ನಿಜವಾಗಿದ್ದವು, ಸುಳ್ಳಾಗಿದ್ದದ್ದು ನನ್ನ ಸಹಿಯೊಂದೇ. ಬೇಕೆಂದು ಹಾಕಿದ ಸುಳ್ಳಲ್ಲ, ಪೂರ್ತಿ ನಂಬಿ ಹಾಕಿದ್ದು. ಅದೇ ನನ್ನನ್ನು ಇಂದಿಗೂ ಕಾಡುತ್ತದೆ. ಈಗ ಯಾವ ಹಾಳೆಗೆ ಸಹಿ ಮಾಡಬೇಕಾದರೂ ಟೇಪ್ ಹಿಡಿದವರು ಯಾರೆಂದು ಒಮ್ಮೆ ತಲೆಯೆತ್ತಿ ಸುತ್ತ ನೋಡುತ್ತೇನೆ. ಪೆನ್ನು ಅಷ್ಟು ಹೊತ್ತು ಗಾಳಿಯಲ್ಲೇ ನಿಂತಿರುತ್ತದೆ.