ಅಕ್ಕನ ಫ್ಲಾಸ್ಕ್, ನಾನು ತಂದ ಬೂದಿ

ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದದ್ದು ರೊಟ್ಟಿ ಬಡಿಯುವ ಸದ್ದಿನಿಂದ. ಅಕ್ಕನಿಗೆ ಕೀಲುನೋವು ಹತ್ತಿದ ಮೇಲೆ ಆ ಸದ್ದು ನಿಂತಿತು. ಅದು ಮತ್ತೆ ಕೇಳಬೇಕೆಂದು ನಾನು ಒಂದು ಕೆಲಸ ಮಾಡಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೆಯ ತರಗತಿಯವರೆಗೆ, ಬರೆದು ರೂಢಿಯಿಲ್ಲ. ಆದರೆ ಬಾಯಲ್ಲಿ ಹೇಳುವಾಗ ಮಾತನ್ನು ನನಗೆ ಅನುಕೂಲವಾದ ಕಡೆ ತಿರುಗಿಸಿಬಿಡುತ್ತೇನೆ. ಬರೆದರೆ ಹಾಗೆ ಮಾಡುವುದು ಸ್ವಲ್ಪ ಕಷ್ಟ.

ಹರಪನಹಳ್ಳಿಯಿಂದ ಕೊಟ್ಟೂರಿಗೆ ಹೋಗುವ ಕಡೆಯ ಒಂದು ಹಳ್ಳಿ ನಮ್ಮದು. ಮನೆಯಲ್ಲಿ ನಾನು, ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ, ಇಬ್ಬರೇ. ಭಾವ ತೀರಿಕೊಂಡ ಮೇಲೆ ಅವಳು ತವರಿಗೆ ಬಂದಳು. ನನಗೆ ಮದುವೆಯಾಗಿಲ್ಲ. ಅವಳು ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ನಾನು ಸರಕಿನ ಆಟೋ ಓಡಿಸುತ್ತೇನೆ. ಈರುಳ್ಳಿ, ಮೆಕ್ಕೆಜೋಳ, ತರಕಾರಿ ಏನು ಸಿಕ್ಕಿದರೂ ಹೇರಿಕೊಂಡು ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹಡಗಲಿ ಎಂದು ತಿರುಗುವ ಕೆಲಸ. ಬೆಳಿಗ್ಗೆ ಐದಕ್ಕೆಲ್ಲ ಗಾಡಿ ಹೊರಡಬೇಕು, ಹೊಟ್ಟೆಯಲ್ಲಿ ಎರಡು ಬಿಸಿ ರೊಟ್ಟಿ ಇರಬೇಕು. ಇಷ್ಟೇ ನನ್ನ ಹಟ. ಇಷ್ಟರಿಂದ ಎಷ್ಟು ಆಗಬಹುದೆಂದು ನನಗೆ ಆಗ ತಿಳಿಯಲಿಲ್ಲ.

ನೋವು ಮೊದಲು ಬಂದದ್ದು ಬೆರಳುಗಳಿಗೆ. ಎದ್ದಾಗ ಮುಷ್ಟಿ ಬಿಚ್ಚುತ್ತಿರಲಿಲ್ಲ. ಆಮೇಲೆ ಮಣಿಕಟ್ಟು, ಮೊಣಕಾಲು. ಹರಪನಹಳ್ಳಿಯ ಡಾಕ್ಟರು ಇದು ಸಂಧಿವಾತ, ಪೂರ್ತಿ ಹೋಗುವುದಿಲ್ಲ ಎಂದರು. ವಾರಕ್ಕೊಮ್ಮೆ ನುಂಗುವ ಮಾತ್ರೆ ಬರೆದುಕೊಟ್ಟು, ಇದರ ಜೊತೆ ಬದುಕುವುದನ್ನು ಕಲಿಯಬೇಕಮ್ಮ ಎಂದರು. ನಾನು ಆ ಮಾತನ್ನು ಆಸ್ಪತ್ರೆಯ ಮೆಟ್ಟಿಲ ಮೇಲೇ ಬಿಟ್ಟು ಬಂದೆ. ಅಕ್ಕ ಅದನ್ನು ಮನೆಗೆ ತಂದಳು.

ಅವಳು ಕಲಿತ ರೀತಿ ನನಗೆ ಈಗ ನೆನಪಾದಷ್ಟು ಆಗ ಕಂಡಿರಲಿಲ್ಲ. ಸಂಜೆಯೇ ನೀರು ಕಾಯಿಸಿ ಫ್ಲಾಸ್ಕಿಗೆ ತುಂಬಿ ಮಂಚದ ಕೆಳಗೆ ಇಟ್ಟುಕೊಳ್ಳುತ್ತಿದ್ದಳು. ಬೆಳಿಗ್ಗೆ ಕಣ್ಣು ಬಿಟ್ಟ ಮೇಲೆ ಏಳುತ್ತಿರಲಿಲ್ಲ. ಕಂಬಳಿಯೊಳಗೇ ಬೆರಳುಗಳನ್ನು ಮಡಚಿ ಬಿಚ್ಚಿ ಮಾಡಿ, ಆಮೇಲೆ ಎದ್ದು ಕೂತು ಆ ನೀರನ್ನು ಬೋಗುಣಿಗೆ ಸುರಿದು ಕೈ ಅದ್ದಿ ಸುಮ್ಮನೆ ಕೂರುತ್ತಿದ್ದಳು. ಸೌಟಿನ ಹಿಡಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿ ದಪ್ಪ ಮಾಡಿಕೊಂಡಳು. ದೊಡ್ಡ ಕೊಡ ಬಿಟ್ಟು ಎರಡು ಸಣ್ಣ ತಂಬಿಗೆಯಲ್ಲಿ ನೀರು ತಂದಳು. ನೆಲದ ಒಲೆ ಬಿಟ್ಟು ಕಟ್ಟೆಯ ಮೇಲೆ ಗ್ಯಾಸ್ ಇಟ್ಟು, ಸ್ಟೂಲಿನ ಮೇಲೆ ಕೂತು ಅಡುಗೆ ಮಾಡಿದಳು. ರೊಟ್ಟಿ ವಾರಕ್ಕೆ ಎರಡೇ ದಿನ. ಉಳಿದ ದಿನ ಅನ್ನ, ಇಲ್ಲವೇ ಉಪ್ಪಿಟ್ಟು. ಯಾವ ಕೆಲಸ ಮಾಡಿದರೂ ಸ್ವಲ್ಪ ಹೊತ್ತಿಗೆ ಎದ್ದು ಹೋಗಿ ಕೂತುಬಿಡುತ್ತಿದ್ದಳು, ನೋಯದಿದ್ದರೂ. ನೋಯದೇ ಯಾಕೆ ಕೂರುತ್ತೀ ಎಂದು ನಾನು ಒಮ್ಮೆ ಕೇಳಿದೆ.

"ನೋವು ಬಂದ ಮ್ಯಾಲೆ ಕುಂತ್ರ ಏನು ಬಂತು? ಅದು ಬರಾಕ ಮುಂಚೆನ ಕುಂದ್ರಬೇಕು. ಅದಕ್ಕ ನಾನು ಸಿಗಬಾರ್ದು," ಎಂದಳು.

ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಚುಕ್ಕಿ ಇಡುತ್ತಿದ್ದಳು. ಕೆಟ್ಟ ದಿನಕ್ಕೆ ಎರಡು, ತಡೆದುಕೊಳ್ಳಬಹುದಾದ ದಿನಕ್ಕೆ ಒಂದು. ಚುಕ್ಕಿಯಿಲ್ಲದ ದಿನ ಇರುತ್ತಿರಲಿಲ್ಲ. ಆದರೆ ತಿಂಗಳು ಕಳೆದಂತೆ ಎರಡು ಚುಕ್ಕಿಯ ಮನೆಗಳು ಕಡಿಮೆಯಾದವು. ಅವಳು ಅದನ್ನು ನನಗೆ ಬೆರಳಿಟ್ಟು ತೋರಿಸಿದ್ದಳು. ನಾನು ಹೂಂ ಅಂದು ಚಪ್ಪಲಿ ಮೆಟ್ಟಿದ್ದೆ.

ನನಗೆ ಕಾಣುತ್ತಿದ್ದದ್ದು ತಡ ಮಾತ್ರ. ಐದಕ್ಕೆ ಗಾಡಿ ಹೊರಡಬೇಕು, ಇವಳು ಬೋಗುಣಿ ಮುಂದೆ ಕೂತಿದ್ದಾಳೆ. ಹಡಗಲಿಯ ಹೋಟೆಲಿನಲ್ಲಿ ತಣ್ಣನೆಯ ಇಡ್ಲಿ ತಿನ್ನುವಾಗ ಸಿಟ್ಟು ಬರುತ್ತಿತ್ತು. ಒಂದು ದಿನ ಬಾಗಿಲಲ್ಲಿ ನಿಂತು ಅಂದೆ.

"ಏನವ್ವಾ ದೊರೆಸಾನಿ, ಇವತ್ತರ ರೊಟ್ಟಿ ಐತೋ, ಇಲ್ಲಾ ನಿನ್ನ ಸ್ಟೂಲಿಗೆ ಪೂಜಿ ಮಾಡಿ ಹೋಗ್ಲೋ?"

"ಪೂಜಿ ಮಾಡು. ಒಂದು ಕಾಯಿನೂ ಒಡಿ. ಚಟ್ನಿಗೆ ಆಕ್ಕೈತಿ," ಎಂದು ನಕ್ಕಳು. ನಾನು ನಗಲಿಲ್ಲ.

ಹಗರಿಬೊಮ್ಮನಹಳ್ಳಿ ಸಂತೆಯ ಅಂಚಿನಲ್ಲಿ ಬೇವಿನ ಮರದ ಕೆಳಗೆ ಒಬ್ಬ ಕೂರುತ್ತಿದ್ದ. ಟಾರ್ಪಾಲಿನ ಮೇಲೆ ಬೇರು, ತೊಗಟೆ, ಸಣ್ಣ ಕಾಗದದ ಪೊಟ್ಟಣಗಳು. ಎಲ್ಲಿಂದ ಬರುತ್ತಾನೆಂದು ಯಾರಿಗೂ ತಿಳಿಯದು. ಮೂಟೆ ಇಳಿಸುವ ಹಮಾಲಿಯೊಬ್ಬ ತನ್ನ ತಾಯಿ ಇವನ ಪುಡಿ ತಿಂದು ನಾಲ್ಕೇ ದಿನಕ್ಕೆ ಎದ್ದು ಓಡಾಡಿದಳೆಂದು ಹೇಳಿದ. ನಾನು ಹೋಗಿ ಕೇಳಿದೆ. ಅದರಲ್ಲಿ ಏನಿದೆ ಎಂದು ಮಾತ್ರ ಕೇಳಲಿಲ್ಲ. ಅವನೇ ಹೇಳಿದ, ಬರೀ ಬೇರು ಎಂದು. ಪೊಟ್ಟಣ ನನ್ನ ಕೈಗಿಟ್ಟು ಒಂದು ಮಾತು ಸೇರಿಸಿದ.

"ಶುರು ಮಾಡಿದ ಮ್ಯಾಲೆ ತಪ್ಪಿಸಬ್ಯಾಡ್ರಿ ಮತ್ತ. ಒಂದು ದಿನಾನೂ."

ಹರಕೆಯ ಹಾಗೆ ಏನೋ ಕಟ್ಟುನಿಟ್ಟು ಇರಬೇಕೆಂದು ತಿಳಿದೆ. ಆ ಮಾತು ಯಾವುದರ ಬಗ್ಗೆ ಎಂದು ತಿಳಿಯಲು ನನಗೆ ಎಂಟು ತಿಂಗಳು ಬೇಕಾಯಿತು.

ಮೊದಲ ದಿನ ಕದ್ದು ಮುಚ್ಚಿ ಮಾಡಲಿಲ್ಲ. ಪೊಟ್ಟಣ ಅಕ್ಕನ ಮುಂದಿಟ್ಟೆ. ಅವಳು ಬಿಚ್ಚಿ ಮೂಸಿದಳು, ಬೆರಳಲ್ಲಿ ತಿಕ್ಕಿ ನೋಡಿದಳು, ಮಡಚಿ ವಾಪಸು ಕೊಟ್ಟಳು. "ಹೆಸರಿಲ್ಲದ್ದು ಬಾಯಾಗ ಹಾಕ್ಕೊಳ್ಳಲ್ಲ ನಾನು. ಹೊಳ್ಳಿ ಕೊಟ್ಟು ಬಾ," ಎಂದಳು. ಅಷ್ಟು ಸ್ಪಷ್ಟವಾಗಿ ಬೇಡ ಎಂದಿದ್ದಳು. ಇದನ್ನು ನಾನು ಮರೆತೆನೆಂದು ಹೇಳುವಂತಿಲ್ಲ.

ಊಟದಲ್ಲಿ ಬೆರೆಸಲು ಆಗುತ್ತಿರಲಿಲ್ಲ. ಅಡುಗೆ ಅವಳದೇ, ರುಚಿ ಒಂದಿಷ್ಟು ಬದಲಾದರೂ ಅವಳಿಗೆ ತಿಳಿಯುತ್ತಿತ್ತು. ಅವಳು ಕೇಳದೆ, ನೋಡದೆ ಬಾಯಿಗೆ ಹಾಕಿಕೊಳ್ಳುತ್ತಿದ್ದದ್ದು ಒಂದೇ. ನಮ್ಮ ಮನೆಯಲ್ಲಿ ಸ್ನಾನ, ಪೂಜೆ ಆದ ಮೇಲೆ ಹಣೆಗೆ ವಿಭೂತಿ ಹಚ್ಚಿ, ಮಠದ ಬೂದಿಯನ್ನು ಒಂದು ಚಿಟಿಕೆ ನಾಲಿಗೆಗೆ ಇಟ್ಟುಕೊಳ್ಳುವುದು ಅಜ್ಜಿಯ ಕಾಲದಿಂದ ಬಂದದ್ದು. ಅಕ್ಕ ಬೆಳಿಗ್ಗೆ ಸಂಜೆ ಎರಡು ಹೊತ್ತೂ ತಪ್ಪಿಸಿದವಳಲ್ಲ. ನಾನು ಆ ಪುಡಿಯನ್ನು ಬೂದಿಯೊಂದಿಗೆ ಕಲಸಿ, ಹೊಸ ಕಾಗದದಲ್ಲಿ ಕಟ್ಟಿ, ಹಡಗಲಿ ಕಡೆ ಬಾಡಿಗೆಗೆ ಹೋದಾಗ ಒಂದು ಮಠದಲ್ಲಿ ಸ್ವಾಮಿಗಳು ಕೈಯಾರೆ ಕೊಟ್ಟರೆಂದು ಹೇಳಿದೆ. ನಾನು ಆ ದಿನ ಯಾವ ಮಠಕ್ಕೂ ಹೋಗಿರಲಿಲ್ಲ. ಅಕ್ಕ ಎರಡೂ ಕೈ ಚಾಚಿ ತೆಗೆದುಕೊಂಡಳು, ಕಣ್ಣಿಗೆ ಒತ್ತಿಕೊಂಡಳು, ದೇವರ ಗೂಡಿನ ಡಬ್ಬಿಗೆ ಸುರಿದಳು. ಆ ಕೈಗಳು ಅವತ್ತು ಚೆನ್ನಾಗಿ ಬಾತಿದ್ದವು.

ಐದನೆಯ ದಿನ ನನಗೆ ಎಚ್ಚರವಾದದ್ದು ರೊಟ್ಟಿ ಬಡಿಯುವ ಸದ್ದಿಗೆ.

ಹಾಸಿಗೆಯಲ್ಲೇ ಮಲಗಿ ಕೇಳಿದೆ. ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಸದ್ದು ತೀರಾ ಜೋರಾಗಿತ್ತು. ನೋವಿಗೆ ಮುಂಚೆಯೂ ಅವಳು ಅಷ್ಟು ರಭಸದಿಂದ ಬಡಿದವಳಲ್ಲ.

ಕ್ಯಾಲೆಂಡರಿನಲ್ಲಿ ಚುಕ್ಕಿಗಳು ನಿಂತವು. ಒಂದು ವಾರ ಖಾಲಿ, ಆಮೇಲೆ ಒಂದು ತಿಂಗಳು ಪೂರ್ತಿ ಖಾಲಿ. ಅಕ್ಕ ಅದಕ್ಕೆ ಕಾರಣ ಹುಡುಕಿದಳು. ಬೂದಿಯ ಮೇಲೆ ಭಕ್ತಿಯಿತ್ತು, ಆದರೆ ಲೆಕ್ಕ ಹಾಕಿದ್ದು ತನ್ನ ಬಿಸಿನೀರಿಗೆ, ಸ್ಟೂಲಿಗೆ, ಮುಂಚೆಯೇ ಕೂರುವ ರೂಢಿಗೆ. ಇಷ್ಟು ದಿನ ಮಾಡಿದ್ದು ಈಗ ಫಲ ಕೊಟ್ಟಿತೆಂದು ನಂಬಿದಳು. ಶಾಲೆಯಲ್ಲಿ ಜೊತೆಗೆ ಅಡುಗೆ ಮಾಡುವಾಕೆಗೂ ಮೊಣಕಾಲು ನೋವು. ಅವಳನ್ನು ಮನೆಗೆ ಕರೆದು ಫ್ಲಾಸ್ಕ್ ತೋರಿಸಿ, ಬೆರಳು ಮಡಚುವುದು ತೋರಿಸಿ, "ನನ್ನ ನೋಡು, ಸಾಕ್ಷಿ ಬ್ಯಾರೆ ಬೇಕೇನು," ಎಂದಳು. ನಾನು ಅಂಗಳದಲ್ಲಿ ಗಾಡಿಗೆ ಹಗ್ಗ ಬಿಗಿಯುತ್ತ ಎಲ್ಲ ಕೇಳಿಸಿಕೊಂಡೆ.

ನಿಧಾನಕ್ಕೆ ಒಂದೊಂದೇ ಬಿಟ್ಟಳು. ಸ್ಟೂಲು ಮೂಲೆಗೆ ಹೋಯಿತು. ಸಣ್ಣ ತಂಬಿಗೆ ಬಿಟ್ಟು ದೊಡ್ಡ ಕೊಡ ಎತ್ತಿದಳು. ನೋಯದ ಮೇಲೆ ಯಾಕೆ ಕೂರಬೇಕು? ಆಸ್ಪತ್ರೆಗೆ ಹೋಗುವುದು ನಿಂತಿತು, ವಾರದ ಮಾತ್ರೆಯೂ ನಿಂತಿತು. ನಾನು ಪ್ರತಿ ಸಂತೆಗೆ ಪೊಟ್ಟಣ ತಂದು, ಅವಳು ನೀರಿಗೆ ಹೋದಾಗ ಡಬ್ಬಿಗೆ ಸೇರಿಸುತ್ತಿದ್ದೆ.

ಅವಳ ಮುಖ ದುಂಡಗಾಗತೊಡಗಿತು. ಓಣಿಯವರು ಅಕ್ಕ ಮೈಕೈ ತುಂಬಿಕೊಂಡಿದ್ದಾಳೆ, ಕಳೆ ಬಂದಿದೆ ಎಂದರು. ಕೆನ್ನೆ ಉಬ್ಬಿ ಕಣ್ಣು ಸಣ್ಣಗಾಗಿದ್ದವು. ಕೈಕಾಲು ಮಾತ್ರ ತೆಳ್ಳಗಾಗುತ್ತಿದ್ದವು. ಕೊಡದ ಅಂಚು ತಗುಲಿದರೂ ಮುಂಗೈ ನೀಲಿಗಟ್ಟುತ್ತಿತ್ತು, ಆ ನೀಲಿ ಬೇಗ ಹೋಗುತ್ತಿರಲಿಲ್ಲ. ಪದೇ ಪದೇ ಹಸಿವು. ನಿದ್ದೆ ಬರುವುದಿಲ್ಲ ಎನ್ನುತ್ತಿದ್ದಳು, ಆದರೂ ದಣಿದವಳ ಹಾಗೆ ಕಾಣುತ್ತಿರಲಿಲ್ಲ. ಒಳಗೆ ಯಾರೋ ಬೇರೆಯವರು ಕೂತು ಅವಳನ್ನು ಓಡಿಸುತ್ತಿದ್ದಾರೆ ಅನ್ನಿಸುತ್ತಿತ್ತು. ನಾನೇ ಒಳಗೆ ಕೂರಿಸಿದವನು. ಬೆಳಿಗ್ಗೆ ರೊಟ್ಟಿ ಸದ್ದು ಕೇಳಿದರೆ ಕಂಬಳಿ ಎಳೆದು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಆಮೇಲೆ ಎದ್ದು ಅದೇ ರೊಟ್ಟಿ ತಿಂದು ಹೋಗುತ್ತಿದ್ದೆ.

ಒಂದು ಸಂತೆಗೆ ಬೇವಿನ ಮರದ ಕೆಳಗೆ ಯಾರೂ ಇರಲಿಲ್ಲ. ಮುಂದಿನ ಸಂತೆಗೂ ಇಲ್ಲ. ಹಮಾಲಿಯನ್ನು ಕೇಳಿದೆ. ಹಂಪಸಾಗರದ ಕಡೆ ಹೋದ ಎನ್ನುತ್ತಾರೆ, ಖಚಿತವಿಲ್ಲ ಎಂದ. ಅವನ ತಾಯಿ ಹೇಗಿದ್ದಾಳೆ ಎಂದೆ. ಮಲಗಿದ್ದಾಳೆ ಎಂದು ಹೇಳಿ ಮೂಟೆ ಹೊತ್ತು ಹೋದ. ಡಬ್ಬಿಯ ತಳದಲ್ಲಿ ಎರಡು ದಿನಕ್ಕಾಗುವಷ್ಟು ಉಳಿದಿತ್ತು. ಅದು ಮುಗಿದ ಮೇಲೆ ನಾನು ಬರೀ ಬೂದಿ ತುಂಬಿದೆ. ಅಕ್ಕ ಎಂದಿನಂತೆ ನಾಲಿಗೆಗೆ ಇಟ್ಟುಕೊಂಡಳು.

ಮೂರನೆಯ ಬೆಳಿಗ್ಗೆ ಸದ್ದಿಲ್ಲ. ಅಕ್ಕ ಮಂಚದಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದಳು. ಮೈಯಲ್ಲಿರುವ ಕೀಲೆಲ್ಲ ಒಮ್ಮೆಗೇ ಹಿಡಿದಿವೆ ಎಂದಳು. ಫ್ಲಾಸ್ಕಿನಲ್ಲಿ ನೀರಿರಲಿಲ್ಲ, ಎಷ್ಟೋ ದಿನದಿಂದ ತುಂಬಿರಲಿಲ್ಲ. ಆದರೂ ಶಾಲೆಗೆ ಹೋದಳು. ಹತ್ತು ಗಂಟೆಗೆ ಫೋನ್ ಬಂತು, ನೀರಿನ ಡ್ರಮ್ಮಿನ ಪಕ್ಕ ಕುಸಿದಿದ್ದಾಳೆ, ವಾಂತಿ ನಿಲ್ಲುತ್ತಿಲ್ಲ ಎಂದು. ಈರುಳ್ಳಿ ಮೂಟೆ ದಾರಿಯಲ್ಲೇ ಇಳಿಸಿ, ಅದೇ ಗಾಡಿಯಲ್ಲಿ ಅವಳನ್ನು ಹರಪನಹಳ್ಳಿಗೆ ಒಯ್ದೆ. ಅಲ್ಲಿಂದ ಆಂಬುಲೆನ್ಸಿನಲ್ಲಿ ದಾವಣಗೆರೆಗೆ. ಅವಳ ಬಿ.ಪಿ. ತೀರಾ ಕೆಳಗೆ ಹೋಗಿತ್ತು.

ಡಾಕ್ಟರು ಅವಳ ಮುಖ ನೋಡಿದರು, ಮುಂಗೈಯ ನೀಲಿ ಕಲೆ ನೋಡಿದರು. ಯಾವುದಾದರೂ ಪುಡಿ, ನಾಟಿ ಔಷಧಿ ತಗೊಳ್ತಿದ್ರಾ ಎಂದು ಕೇಳಿದರು. ಅಕ್ಕ ಕಷ್ಟಪಟ್ಟು ತಲೆಯಾಡಿಸಿದಳು.

"ಇಲ್ರಿ. ಅಂಥವು ನಾನು ಮುಟ್ಟಲ್ರಿ. ಬೇಕಾದ್ರ ನನ್ನ ತಮ್ಮನ್ನ ಕೇಳ್ರಿ."

ಡಾಕ್ಟರು ನನ್ನ ಕಡೆ ತಿರುಗಿದರು. ನಾನು ಇಲ್ಲ ಎಂದೆ.

ಪುಡಿ ಹಾಕಿದ್ದಕ್ಕೆ ಅಜ್ಞಾನ ಎಂಬ ನೆಪವಿದೆ. ಇದಕ್ಕೆ ಯಾವುದೂ ಇಲ್ಲ. ಅಕ್ಕ ಸಾಯುತ್ತಿರಬಹುದು ಎಂದು ತಿಳಿದೂ, ಅವಳ ಮುಂದೆ ಸಣ್ಣವನಾಗಬಾರದೆಂದು ಇಲ್ಲ ಎಂದೆ. ಒಂದು ಗಂಟೆಯಾದ ಮೇಲೆ ಕಾರಿಡಾರಿನಲ್ಲಿ ಡಾಕ್ಟರ ಹಿಂದೆ ಓಡಿಹೋಗಿ ಹೇಳಿದೆ. ಅವರು ಬೈಯಲಿಲ್ಲ. ತಾವು ಆಗಲೇ ಅನುಮಾನದ ಮೇಲೆ ಇಂಜೆಕ್ಷನ್ ಶುರು ಮಾಡಿದ್ದೇವೆ, ಆ ಪುಡಿಯಲ್ಲಿ ಸ್ಟೀರಾಯ್ಡ್ ಇದ್ದಿರಬೇಕು ಎಂದರು. ಅದು ಹೊರಗಿಂದ ಬರುತ್ತಿದ್ದರೆ ದೇಹ ತನ್ನದನ್ನು ಮಾಡಿಕೊಳ್ಳುವುದು ಬಿಡುತ್ತದೆ, ಒಮ್ಮೆಗೇ ನಿಲ್ಲಿಸಿದರೆ ಮನುಷ್ಯ ಬೀಳುತ್ತಾನೆ, ಇನ್ನು ತಿಂಗಳುಗಟ್ಟಲೆ ಮಾತ್ರೆಯಲ್ಲಿ ಕೊಟ್ಟು ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಮೂಳೆಗೆ ಆದ ಪೆಟ್ಟನ್ನು ಆಮೇಲೆ ನೋಡೋಣ ಎಂದರು. ಹೋಗುವಾಗ ಹೇಳಿದರು, "ಅವರಿಗೆ ನೀವೇ ಹೇಳಿ. ಮುಂದಿನ ಸಲ ಬಂದಾಗ ಹೇಳಿರದಿದ್ರೆ ನಾನು ಹೇಳ್ತೀನಿ."

ಮನೆಗೆ ಬಂದ ಮೇಲೆ ಅಕ್ಕ ಮೊದಲಿನಿಂದ ಶುರು ಮಾಡಿದಳು. ಸ್ಟೂಲು ಮೂಲೆಯಿಂದ ಬಂತು. ನಾನು ಸಂಜೆ ನೀರು ಕಾಯಿಸಿ ಫ್ಲಾಸ್ಕ್ ತುಂಬಿ ಇಡುತ್ತಿದ್ದೆ. ಅವಳು ಕ್ಯಾಲೆಂಡರಿಗೆ ಎರಡೆರಡು ಚುಕ್ಕಿ ಇಡುತ್ತ, ಅದೇ ನೀರು, ಅದೇ ಕೈ, ಆಗ ಹತ್ತಿದ್ದು ಈಗ ಯಾಕೆ ಹತ್ತುತ್ತಿಲ್ಲ, ನಾನು ಎಲ್ಲಿ ತಪ್ಪಿದೆ ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಇಪ್ಪತ್ತು ದಿನ ಅದನ್ನು ಕೇಳಿಸಿಕೊಂಡೆ. ಮತ್ತೆ ದಾವಣಗೆರೆಗೆ ತೋರಿಸಲು ಹೋಗುವ ಹಿಂದಿನ ದಿನ ಬೆಳಿಗ್ಗೆ, ಅವಳು ಬೋಗುಣಿಯಲ್ಲಿ ಕೈ ಅದ್ದಿ ಕೂತಿದ್ದಾಗ, ಎದುರು ಕೂತು ಎಲ್ಲ ಹೇಳಿದೆ. ಬೂದಿ ಎಲ್ಲಿಂದ ಬಂತೆಂದೂ, ಆಸ್ಪತ್ರೆಯಲ್ಲಿ ಇಲ್ಲ ಎಂದದ್ದೂ.

ಅವಳು ಕೈ ತೆಗೆಯಲಿಲ್ಲ. ನೀರು ಆರುವವರೆಗೆ ಹಾಗೇ ಕೂತಿದ್ದಳು. ಆಮೇಲೆ ಕ್ಯಾಲೆಂಡರಿನ ಕಡೆ ನೋಡಿ ಒಂದೇ ಮಾತು ಕೇಳಿದಳು.

"ಹಂಗಾದ್ರ ಆ ಚುಕ್ಕಿ ಇಲ್ಲದ ದಿನ, ಅವು ನನ್ನವು ಅಲ್ಲೇನು?"

ಅವತ್ತು ಸಂಜೆ ಅವಳು ಗೋಡೆ ಹಿಡಿದುಕೊಂಡು ಜೊತೆಯ ಅಡುಗೆಯಾಕೆಯ ಮನೆಗೆ ಹೋಗಿ, ತಾನು ಅವತ್ತು ಹೇಳಿದ್ದು ಅಷ್ಟೂ ಖರೆ ಅಲ್ಲ, ಸ್ವಲ್ಪ ಮಾತ್ರ ಖರೆ, ಡಾಕ್ಟರ ಮಾತ್ರೆ ಬಿಡಬೇಡ ಎಂದು ಹೇಳಿ ಬಂದಳಂತೆ. ನನ್ನ ಹೆಸರು ಎತ್ತಲಿಲ್ಲವಂತೆ.

ಅಕ್ಕ ನನ್ನೊಂದಿಗೆ ಮಾತು ಬಿಟ್ಟಿಲ್ಲ. ಉಂಡೆಯಾ, ಮಲಗಿದೆಯಾ ಎಂದು ಕೇಳುತ್ತಾಳೆ. ಆದರೆ ಬೂದಿಯ ಡಬ್ಬಿ ದೇವರ ಗೂಡಿನಲ್ಲಿಲ್ಲ. ಅವಳ ದಿಂಬಿನ ಕೆಳಗಿದೆ. ಕುಡಿಯುವ ನೀರು, ಚಹಾ, ಮಾತ್ರೆ ಯಾವುದನ್ನೂ ನನ್ನ ಕೈಯಿಂದ ತೆಗೆದುಕೊಳ್ಳುವುದಿಲ್ಲ. ಒಂದು ಸಂಜೆ ನಾನು ಫ್ಲಾಸ್ಕಿಗೆ ಕೈ ಹಾಕಿದೆ. "ಇರಲಿ ಬಿಡು ತಮ್ಮಾ, ನಾನು ತುಂಬ್ಕೊಂತೀನಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸೌಟಿಗೆ ಟ್ಯೂಬು ಸುತ್ತಿಕೊಂಡ ಹಾಗೆ, ಭಾರದ ಕೊಡ ಬಿಟ್ಟ ಹಾಗೆ, ತನ್ನ ಮೈ ಕಾಪಾಡಿಕೊಳ್ಳಲು ಇದನ್ನೂ ಮಾಡಿಕೊಂಡಿದ್ದಾಳೆ.

ಈಗ ಬೆಳಿಗ್ಗೆ ನಾನು ಬೇಗ ಏಳುತ್ತೇನೆ. ಹೊರಗಿನ ಕಟ್ಟೆಯ ಮೇಲೆ ಕೂರುತ್ತೇನೆ. ಒಳಗೆ ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸುವುದು ಕೇಳುತ್ತದೆ. ಬೆರಳು ಹಿಡಿಯದೆ ಮುಚ್ಚಳ ಜಾರುತ್ತದೆ. ಮತ್ತೆ ತಿರುಗಿಸುತ್ತಾಳೆ, ಮತ್ತೆ ಜಾರುತ್ತದೆ. ಬಾಗಿಲು ತೆರೆದೇ ಇದೆ, ನಾನು ಇಲ್ಲಿರುವುದು ಅವಳಿಗೆ ಗೊತ್ತು. ಅವಳು ಕರೆಯುವುದಿಲ್ಲ.